ಯಾವ ಕೆಲಸಕ್ಕೆ ಯಾವ ಗಾಡಿ?

ಮಗ ಕಾಲೇಜು ಮೆಟ್ಟಿಲು ಹತ್ತಿದ ವರ್ಷವೇ ನಮ್ಮ ಮನೆಗಳಲ್ಲಿ ಗಾಡಿಯ ಮಾತು ಏಳುತ್ತದೆ. ಮಗನ ಕಣ್ಣು ಒಂದು ಗಾಡಿಯ ಮೇಲೆ, ಅಂಗಡಿಗೆ ಬೇಕಾದದ್ದು ಇನ್ನೊಂದು. ತಾಯಿಗೆ ಅವನು ಸಂಜೆ ಕ್ಷೇಮವಾಗಿ ಮನೆ ಸೇರಿದರೆ ಸಾಕು. ಶೇಂಗಾ ಕೊಳ್ಳುವಾಗ ಹಿಡಿ ಕಾಯಿ ಒಡೆದು ನೋಡುವ ನಾವು ಗಾಡಿ ಕೊಳ್ಳುವಾಗ ಮಾತ್ರ ಬಣ್ಣ ನೋಡಿ ಒಪ್ಪಿಬಿಡುತ್ತೇವೆ.

ಮದ್ದಿಕೇರದಲ್ಲಿ ದಸರೆಗೆ ಕುದುರೆ ಓಟದ ಸಂಪ್ರದಾಯವಿದೆ. ಓಟದ ಕುದುರೆಯ ಬೆನ್ನಿಗೆ ಚೀಲ ಹೇರುವವರಿಲ್ಲ. ಮೋಟಾರ್ ಸೈಕಲ್‌ಗಳಲ್ಲಿಯೂ ಹಾಗೆಯೇ, ಓಟದ್ದೇ ಬೇರೆ, ಹೇರಿನದೇ ಬೇರೆ.

ಮೊದಲು ನಮ್ಮ ಹುಡುಗರು ಮೂಗು ಮುರಿಯುವ ಮೊಪೆಡ್. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಇಂದಿನ ಎಕ್ಸ್‌ಎಲ್ 100 ಅದರದೇ ವಂಶ. ಗೇರಿಲ್ಲ, ತೂಕ 90 ಕಿಲೋ ಆಸುಪಾಸು, ಹಿಂದಿನ ಸೀಟು ಬಿಚ್ಚಬಹುದು, ಕಾಲ ಬಳಿ ಚೀಲ ಇಡಲು ಜಾಗ. ಆ ಜಾಗದಲ್ಲಿಯೇ ಗುಟ್ಟಿದೆ. ಎರಡು ಚಕ್ರಗಳ ನಡುವೆ, ಕೆಳಗೆ ಇಟ್ಟ ಭಾರ ಗಾಡಿಯನ್ನು ಅಲುಗಿಸುವುದಿಲ್ಲ. ಅದೇ ಚೀಲವನ್ನು ಹಿಂಚಕ್ರದ ಆಚೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಆದೋನಿಯ ಹತ್ತಿ ಮಾರುಕಟ್ಟೆಗೂ ಅಂಗಡಿಗೂ ದಿನಕ್ಕೆ ಹತ್ತು ಸಲ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಕಂಡಿಲ್ಲ.

ಹಳ್ಳಿ ಹಳ್ಳಿ ತಿರುಗಿ ಖರೀದಿ ಮಾಡುವವರಿಗೆ 100 ಸಿಸಿ ಗಾಡಿಯೇ ಸರಿ. ನಮ್ಮ ಹಿರಿಯರ ಕಾಲದಲ್ಲಿ ರಾಜದೂತ್ ಇತ್ತು, ಮೈಸೂರಿನ ಜಾವಾ, ಯೆಜ್ಡಿ ಇದ್ದವು. ಮೈಸೂರಿನ ಆ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅವು ಗಟ್ಟಿ ಗಾಡಿಗಳೇ, ಆದರೆ ಪೆಟ್ರೋಲಿನ ಜೊತೆ ಆಯಿಲ್ ಕೂಡ ಸುಡುವ ಟೂ ಸ್ಟ್ರೋಕ್ ಇಂಜಿನ್. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಲೆಕ್ಕವೇ ಬದಲಾಯಿತು. ಈಗಲೂ ಲೆಕ್ಕ ಹಾಕಿ ನೋಡಿ: ದಿನಕ್ಕೆ 40 ಕಿ.ಮೀ. ಓಡಾಟ, 100 ಸಿಸಿ ಗಾಡಿ ಲೀಟರಿಗೆ 60, ಬುಲೆಟ್ 35 ಕೊಡುತ್ತದೆಂದು ಹಿಡಿಯೋಣ. ವರ್ಷದಲ್ಲಿ 300 ದಿನಕ್ಕೆ ಸುಮಾರು 140 ಲೀಟರ್ ವ್ಯತ್ಯಾಸ! ಬೆಲೆಯಿಂದ ಗುಣಿಸುವ ಕೆಲಸ ತಮ್ಮದು. ಉದ್ದ ಪ್ರಯಾಣಕ್ಕೆ ಬುಲೆಟ್ ಸುಖವೇ. ಬಜಾರಿನ ಸಂದಿಯಲ್ಲಿ ಅಷ್ಟು ಭಾರದ ಗಾಡಿ ತಿರುಗಿಸುವಾಗ ಬೆವರುತ್ತದೆ.

ಸ್ಕೂಟರ್ ಸೀರೆಯುಟ್ಟವರಿಗೂ ಅನುಕೂಲ. ಅದರ ಚಕ್ರ ಸಣ್ಣದು, ಗುಂಡಿಯ ರಸ್ತೆಗೆ ಹೇಳಿದ್ದಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ತೆನೆ ಹರಡಿರುತ್ತಾರಲ್ಲ, ಅಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಯಾವ ಗಾಡಿಯೂ ಜಾರುತ್ತದೆ.

ಇನ್ನು ಮಕ್ಕಳು ಬಯಸುವ ಸ್ಪೋರ್ಟ್ಸ್ ಬೈಕ್. ಓಡಿಸುವವನು ಮುಂದಕ್ಕೆ ಬಾಗಿ ಕೂರಬೇಕು, ಮೈಭಾರವೆಲ್ಲ ಮಣಿಕಟ್ಟಿಗೆ. ಹಿಂದಿನ ಸೀಟು ಎತ್ತರ, ಅಂಗೈಯಗಲ. ಅದರ ಮೇಲೆ ಅಜ್ಜಿಯನ್ನು ದೇರಾಸರಕ್ಕೆ ಕರೆದೊಯ್ಯುವುದು ಹೇಗೆ? ಹಿಂಚಕ್ರಕ್ಕೆ ಸೆರಗು ಸಿಕ್ಕದಂತೆ ತಡೆಯುವ ಸೀರೆ ಗಾರ್ಡ್ ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಚೆಂದ ಕಾಣುವುದಿಲ್ಲವೆಂದು ಹುಡುಗರು ಅದನ್ನು ಬಿಚ್ಚಿಸುತ್ತಾರೆ. ಅದನ್ನು ಮರಳಿ ಹಾಕಿಸುವವರೆಗೆ ತಾಯಂದಿರು ಆ ಗಾಡಿ ಹತ್ತಬೇಡಿ.

ವಯಸ್ಸಿನ ಮಾತು ಹೇಳಲೇಬೇಕು. "ಮೊಪೆಡ್ ತಾನೇ" ಎಂದು ಹತ್ತನೆಯ ತರಗತಿಯ ಹುಡುಗನ ಕೈಗೆ ಅಂಗಡಿಯ ಗಾಡಿ ಕೊಟ್ಟು ಮಾರುಕಟ್ಟೆಗೆ ಕಳುಹಿಸುವ ರೂಢಿ ನಮ್ಮಲ್ಲಿದೆ. 16 ತುಂಬಿದವರಿಗೆ ಕಾನೂನು ಒಪ್ಪುವುದು 50 ಸಿಸಿ ಮೀರದ ಗಾಡಿಯನ್ನು, ಅದೂ ಲೈಸೆನ್ಸ್ ಪಡೆದ ಮೇಲೆ. ಎಕ್ಸ್‌ಎಲ್ 100 ಅದರ ಎರಡರಷ್ಟು. ಅದಕ್ಕೆ 18 ತುಂಬಲೇಬೇಕು. 2019ರ ತಿದ್ದುಪಡಿಯಂತೆ ಬಾಲಕ ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆಗೋ ಗಾಡಿಯ ಮಾಲೀಕನಿಗೋ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ವ್ಯಾಪಾರ ಕಲಿಯಬೇಕಾದ ವಯಸ್ಸೆಲ್ಲ ಅವನು ಹಿಂದಿನ ಸೀಟಿನಲ್ಲಿ ಕೂರಬೇಕಾದೀತು.

ಗಂಟೆಗೆ 25 ಕಿ.ಮೀ. ವೇಗ ಮೀರದ, 250 ವಾಟ್‌ಗಿಂತ ಕಡಿಮೆ ಮೋಟಾರಿನ ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಕಿಲ್ಲ. ಟ್ಯೂಷನ್‌ಗೆ ಹೋಗಿ ಬರಲು ಅಷ್ಟು ಸಾಕು. ಶೇಂಗಾ ಚೀಲ ಹೇರುವ ಗಾಡಿ ಅದಲ್ಲ.