ಐದಕ್ಕೆ ಐದು ಒತ್ತಿಸಿಕೊಳ್ಳುವ ನಿಲ್ದಾಣಗಳು

ಆರು ತಿಂಗಳಿಗೊಮ್ಮೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ತನ್ನ ಸಣ್ಣ ನಿಲ್ದಾಣಗಳಲ್ಲಿ ಪ್ರಯಾಣಿಕರ ತೃಪ್ತಿ ಸಮೀಕ್ಷೆ ನಡೆಸುತ್ತದೆ. ಅಂಕ ಐದಕ್ಕೆ. ನಾಲ್ಕೂವರೆ ದಾಟಿತೋ, ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ, ಅಧಿಕಾರಿಗೆ ಹೂಗುಚ್ಛ, ಸಂಸದರಿಂದ ಅಭಿನಂದನೆ. ರಾಜ್ಯದಲ್ಲಿ ಇಷ್ಟನೇ ಸ್ಥಾನ, ದೇಶದಲ್ಲಿ ಇಷ್ಟನೇ ಸ್ಥಾನ ಎಂಬ ಬ್ಯಾನರ್ ಹೊರಬಾಗಿಲ ಪಕ್ಕ ಏರುತ್ತದೆ. ಬಿಸಿಲಿಗೆ ಬಣ್ಣಗೆಟ್ಟು ಮುಂದಿನ ಸಮೀಕ್ಷೆಯವರೆಗೆ ಅಲ್ಲೇ ನೇತಾಡುತ್ತದೆ. ಅದರ ಕೆಳಗೆ ಟ್ಯಾಕ್ಸಿ ಸಿಗದೆ ಮುಕ್ಕಾಲು ಗಂಟೆ ನಿಂತ ಅಜ್ಜಿಗೆ ಈ ಅಂಕದಿಂದ ಆಗಬೇಕಾದ್ದು ಏನೂ ಇಲ್ಲ.

ಅಂಕ ಹೇಗೆ ಬರುತ್ತದೆ ಎಂಬುದನ್ನು ಉತ್ತರ ಕರ್ನಾಟಕದ ಒಂದು ನಿಲ್ದಾಣದಲ್ಲಿ ಕಣ್ಣಾರೆ ನೋಡಿದ್ದೇನೆ. ಊರಿನ ಹೆಸರು ಬೇಡ, ಚಾಳಿ ಒಂದೇ ಊರಿನದಲ್ಲ. ಭದ್ರತಾ ತಪಾಸಣೆ ಮುಗಿಸಿ ಕೂತಿದ್ದವರ ಬಳಿ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದ. ನನ್ನ ಪಕ್ಕ ಧೋತರ ಉಟ್ಟ ಹಿರಿಯರೊಬ್ಬರಿದ್ದರು.

"ಎಲ್ಲಾದಕ್ಕೂ ಐದು ಒತ್ರಿ ಅಜ್ಜಾರ, ನಮಗೂ ಅನುಕೂಲ ಆಗತೈತಿ" ಎಂದ.

"ಇದೇನು, ಶೌಚಾಲಯ ಹೆಂಗೈತಿ ಅಂತ ಕೇಳೈತಲ್ಲೋ ತಮ್ಮಾ? ನಾ ಇನ್ನೂ ಅಲ್ಲಿಗೆ ಹೋಗೇ ಇಲ್ಲ."

"ಸ್ವಚ್ಛ ಐತ್ರಿ. ಐದು ಒತ್ತಿಬಿಡ್ರಿ."

ಅಜ್ಜ ಒತ್ತಿದರು. ನಾನೂ ನೋಡುತ್ತ ಕೂತೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆ ಕೆಲಸ, ಮೇಲಿನವರು ಹೇಳಿದ್ದನ್ನು ಮಾಡಿದ್ದಾನೆ. ಸಿಟ್ಟಿರುವುದು ಈ ಐದನ್ನು ನಿಜವೆಂದು ನಂಬಿ ಬೆನ್ನು ತಟ್ಟಿಕೊಳ್ಳುವವರ ಮೇಲೆ.

ಒತ್ತಾಯ ಇಲ್ಲದೆ ಪ್ರಾಮಾಣಿಕವಾಗಿ ನಡೆದರೂ ಈ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ನಾನು ಕಂಡ ಸಮೀಕ್ಷೆ ನಡೆದದ್ದು ವಿಮಾನ ಹತ್ತುವ ಗೇಟಿನ ಮುಂದೆ. ಅಂದರೆ ಉತ್ತರ ಕೊಡುವವನು ಅಂದು ವಿಮಾನ ಸಿಕ್ಕ ಅದೃಷ್ಟವಂತ. ವಿಮಾನ ರದ್ದಾದವನು ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸ್ಲೀಪರ್ ಸೀಟಿಗೆ ಕಾಡಿಬೇಡುತ್ತಿರುತ್ತಾನೆ. ಅವನ ಕೈಗೆ ಟ್ಯಾಬ್ ಕೊಡುವವರು ಯಾರು? ಸಂಜೆಯ ವಿಮಾನ ಆಗಾಗ ಕೈಕೊಡುತ್ತದೆಂದು ಆಸೆಯನ್ನೇ ಬಿಟ್ಟು ರೈಲು ಹಿಡಿದವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಊಟ ಸಿಗದೆ ಹೋದವರನ್ನು ಬಿಟ್ಟು, ಉಂಡವರನ್ನಷ್ಟೇ ನಿಲ್ಲಿಸಿ ಮದುವೆ ಊಟ ಹೇಗಿತ್ತೆಂದು ಕೇಳಿದ ಹಾಗಾಯಿತು.

ಬಿಟ್ಟುಹೋದವರ ಲೆಕ್ಕ ಬೇಕಿದ್ದರೆ ಮೈಸೂರಿಗೆ ಹೋಗಿ. ಅಲ್ಲಿನ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್. ಅಲ್ಲಿಗೆ ಬರುವುದು ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ. ರನ್‌ವೇ ಉದ್ದ ಮಾಡುವ ಮಾತು ವರ್ಷಗಟ್ಟಲೆಯಿಂದ ನಡೆದೇ ಇದೆ. ಅತ್ತ ಮೈಸೂರಿನ ಜನ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿ, ತಮ್ಮೂರ ನಿಲ್ದಾಣವನ್ನು ಬೆನ್ನ ಹಿಂದೆ ಬಿಟ್ಟು, ನಾಲ್ಕು ತಾಸು ಕೂತು ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಹೋಗುತ್ತಾರೆ. ಧಾರವಾಡ, ಹುಬ್ಬಳ್ಳಿಯವರಿಗೆ 2023ರ ಜೂನ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ಇದೆ. ಆ ಬಸ್ಸಿನ, ಆ ರೈಲಿನ ಟಿಕೆಟ್ಟುಗಳೇ ನಿಜವಾದ ತೃಪ್ತಿ ಸಮೀಕ್ಷೆ. ಅದನ್ನು ಓದುವ ವ್ಯವಧಾನ ನಮ್ಮ ನಿಲ್ದಾಣಗಳಿಗೆ ಇಲ್ಲ.

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ದೇಶದ ತುಂಬ ಸಾಲುಸಾಲಾಗಿ ರದ್ದಾದಾಗ, ಹುಬ್ಬಳ್ಳಿಯ ಒಂದು ಆರತಕ್ಷತೆಯಲ್ಲಿ ಮದುಮಕ್ಕಳೇ ಇರಲಿಲ್ಲ. ಭುವನೇಶ್ವರದಲ್ಲಿ ಸಿಕ್ಕಿಕೊಂಡ ಅವರು ಅಲಂಕಾರ ಮಾಡಿಕೊಂಡು ವಿಡಿಯೊ ಕರೆಯಲ್ಲಿ ಕೂತರು. ಇಲ್ಲಿ ನೆಂಟರು ಅವರನ್ನು ಪರದೆಯಲ್ಲಿ ನೋಡಿದರು. ದೇಶವೆಲ್ಲ ಆ ವಿಡಿಯೊ ನೋಡಿ ನಕ್ಕಿತು. ಈ ರದ್ದತಿಗೆ ಮೂಲವಾದ, ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಜಾರಿಗೆ ಬರುವುದು ಕಂಪನಿಗೆ ಮೊದಲೇ ಗೊತ್ತಿತ್ತು, ಸಿದ್ಧತೆ ಮಾಡಿಕೊಂಡಿರಲಿಲ್ಲ. ಅದು ಕಂಪನಿಯ ತಪ್ಪು, ಒಪ್ಪೋಣ. ಆದರೆ ದಿನಕ್ಕೆ ನೂರಾರು ವಿಮಾನ ಬರುವ ಊರಿನಲ್ಲಿ ಒಂದು ರದ್ದಾದರೆ ಇನ್ನೊಂದು ಸಿಕ್ಕೀತು. ದಿನಕ್ಕೆ ಒಂದೋ ಎರಡೋ ಬರುವ ಊರಿನಲ್ಲಿ ಒಂದು ರದ್ದಾದರೆ ಆ ದಿನವೇ ಮುಗಿಯಿತು. ಸಣ್ಣ ನಿಲ್ದಾಣ ಹೆಚ್ಚು ಎಚ್ಚರದಿಂದ ಇರಬೇಕಾದ್ದು ಈ ಕಾರಣಕ್ಕೆ. ಇರುವುದು ತದ್ವಿರುದ್ಧ: ಸಣ್ಣದಲ್ಲವೇ, ನಡೆದೀತು ಎಂಬ ಧೋರಣೆ.

ಈ 'ನಡೆದೀತು' ಎಂಬುದು ಎಲ್ಲೆಲ್ಲಿ ಹೊಕ್ಕಿದೆ ನೋಡಿ. ಸ್ಥಳೀಯ ಭಾಷೆಯಲ್ಲಿ ಮೊದಲು, ಆಮೇಲೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಪ್ರಕಟಣೆ ಕೊಡಬೇಕೆಂದು 2018ರ ಡಿಸೆಂಬರ್‌ನಲ್ಲೇ ಆದೇಶವಾಗಿದೆ. ಸ್ವಾಗತ, ಸುರಕ್ಷತೆ, ಧನ್ಯವಾದ ಇಂಥ ಮೊದಲೇ ಧ್ವನಿಮುದ್ರಿಸಿದ ಮಾತುಗಳು ಕನ್ನಡದಲ್ಲಿ ಸೊಗಸಾಗಿ ಕೇಳುತ್ತವೆ. ವಿಮಾನ ಎರಡು ತಾಸು ತಡ ಎಂದು ಹೇಳಬೇಕಾದ ಗಳಿಗೆ ಬಂದಾಗ ಮಾತ್ರ ಗಡಿಬಿಡಿಯ ಇಂಗ್ಲಿಷ್ ಹೊರಡುತ್ತದೆ. ಮಗನ ಮನೆಗೆ ಮೊದಲ ಸಲ ಹೊರಟ ತಾಯಿ ಅಕ್ಕಪಕ್ಕದವರ ಮುಖ ನೋಡುತ್ತಾಳೆ. ಶುಭಾಶಯ ಕನ್ನಡದಲ್ಲಿ, ಕೆಟ್ಟ ಸುದ್ದಿ ಇಂಗ್ಲಿಷಿನಲ್ಲಿ ಎಂಬ ಪದ್ಧತಿಯನ್ನು ಯಾರು ಮಾಡಿದರೋ ತಿಳಿಯದು.

ಗಾಲಿಕುರ್ಚಿಯ ವಿಷಯಕ್ಕೆ ಬರೋಣ. 2024ರಲ್ಲಿ ಮುಂಬೈ ನಿಲ್ದಾಣದಲ್ಲಿ ಗಾಲಿಕುರ್ಚಿ ಸಾಲದೆ ಹೆಂಡತಿಯ ಕುರ್ಚಿಯ ಜೊತೆ ನಡೆದು ಹೊರಟ 80 ವರ್ಷದ ಹಿರಿಯರೊಬ್ಬರು ಕುಸಿದು ತೀರಿಕೊಂಡರು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಇದಕ್ಕಾಗಿ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಆ ಸುದ್ದಿ ಓದಿ ಎಷ್ಟು ಸಣ್ಣ ನಿಲ್ದಾಣಗಳು ತಮ್ಮ ಕುರ್ಚಿಗಳನ್ನು ಎಣಿಸಿದವು? ಅಂಥ ಒಂದು ನಿಲ್ದಾಣದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಶಕ್ತರನ್ನು ಕುರ್ಚಿ ಸಮೇತ ಎತ್ತಿ ವಿಮಾನದ ಬಾಗಿಲಿಗೆ ಮುಟ್ಟಿಸುವ ಲಿಫ್ಟ್ ಗಾಡಿ ವಿಮಾನ ನಿಲ್ಲುವ ಅಂಗಳದ ಮೂಲೆಯಲ್ಲಿತ್ತು. ಮೇಲೆ ನೀಲಿ ಟಾರ್ಪಾಲು, ಅದಕ್ಕೆ ಹಗ್ಗದ ಕಟ್ಟು. ಎಟಿಆರ್ ಮೆಟ್ಟಿಲ ಬಳಿ ಇಬ್ಬರು ಹುಡುಗರು ಲಕ್ವ ಹೊಡೆದ ಹೆಣ್ಣುಮಗಳೊಬ್ಬರನ್ನು ಕುರ್ಚಿ ಸಮೇತ ಓರೆಯಾಗಿ ಹಿಡಿದು ಒಂದೊಂದೇ ಮೆಟ್ಟಿಲು ಏರಿಸುತ್ತಿದ್ದರು. ಆಕೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೆರಗು ಹಿಡಿದು ಕಣ್ಣು ಮುಚ್ಚಿದ್ದರು. ಗಾಡಿ ಯಾಕೆ ತೆಗೆಯಲಿಲ್ಲ ಎಂದರೆ, ಡ್ರೈವರ್ ಎರಡನೇ ಪಾಳಿಗೆ ಬರುತ್ತಾನಂತೆ. ಗಾಡಿ ಖರೀದಿಗೆ ದುಡ್ಡಿತ್ತು, ಅದನ್ನು ಓಡಿಸುವವನ ಪಾಳಿಯನ್ನು ವಿಮಾನದ ಹೊತ್ತಿಗೆ ಹೊಂದಿಸುವ ಯೋಚನೆ ಇರಲಿಲ್ಲ. ಆ ಸಲದ ಸಮೀಕ್ಷೆಯಲ್ಲಿ ಆ ನಿಲ್ದಾಣಕ್ಕೆ ಎಷ್ಟು ಅಂಕ ಬಂತೋ, ಊಹಿಸಿಕೊಳ್ಳಿ.

ನಿಲ್ದಾಣದೊಳಗಿನ ದುಬಾರಿ ಚಹಾದ ಬಗ್ಗೆ ಹೆಚ್ಚು ಹೇಳಲಾರೆ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ 'ಉಡಾನ್ ಯಾತ್ರಿ ಕೆಫೆ' ತೆರೆದು 10 ರೂಪಾಯಿಗೆ ಚಹಾ, 10 ರೂಪಾಯಿಗೆ ನೀರಿನ ಬಾಟಲಿ ಕೊಟ್ಟರು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಹೀಗೆ ಏನೇ ಕೇಳಿ, ಸಿದ್ಧ ಉತ್ತರ ಇರುತ್ತದೆ. ವಿಮಾನ ತಡವಾದರೆ ಏರ್‌ಲೈನ್ಸ್ ಕೇಳಿ. ಏರ್‌ಲೈನ್ಸ್ ಕೇಳಿದರೆ ಹವಾಮಾನ. ಬಸ್ಸಿಲ್ಲ ಎಂದರೆ ಸಾರಿಗೆ ನಿಗಮ. ಟ್ಯಾಕ್ಸಿ ಸುಲಿಗೆ ಎಂದರೆ ಆರ್‌ಟಿಒ. ಒಂದೊಂದೂ ಕಾಗದದ ಮೇಲೆ ಸರಿಯೇ. ಆದರೆ ಅಂಕ ಬಂದಾಗ ಹೂಗುಚ್ಛ ತೆಗೆದುಕೊಳ್ಳಲು ಮುಂದೆ ಬಂದವರು ಅಂಕ ಹೋಗುವಾಗ ನಾಲ್ಕು ಇಲಾಖೆಯ ಹಿಂದೆ ಅಡಗುವುದು ಯಾವ ನ್ಯಾಯ?

ಜನಪ್ರತಿನಿಧಿಗಳ ಚಾಳಿ ಇನ್ನೂ ಕೆಟ್ಟದ್ದು. ಅವರಿಗೆ ನಿಲ್ದಾಣವೆಂದರೆ ಕಟ್ಟಡ. ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿ ಸುರಿದು ಕಮಲದಾಕಾರದ ಟರ್ಮಿನಲ್, 3,200 ಮೀಟರ್ ರನ್‌ವೇ ಕಟ್ಟಿದರು. 2023ರ ಫೆಬ್ರವರಿ 27ರಂದು ಪ್ರಧಾನಿ ಬಂದು ಉದ್ಘಾಟಿಸಿದರು. ಜನ ಹತ್ತುವ ಮೊದಲ ವಿಮಾನ ಬಂದದ್ದು ಆಗಸ್ಟ್ 31ಕ್ಕೆ, ಆರು ತಿಂಗಳ ನಂತರ. ಉದ್ಘಾಟನೆಯ ಹೊತ್ತಿಗೆ ರಾತ್ರಿ ವಿಮಾನ ಇಳಿಸುವ ವ್ಯವಸ್ಥೆ ಇರಲಿಲ್ಲ. ಆಮೇಲೆ ಎರಡು ವರ್ಷ ಉರುಳಿದರೂ ಬರಲಿಲ್ಲ. ಮಲೆನಾಡಿನ ಸೆರಗಿನಲ್ಲಿ ಮಂಜು ಕವಿಯುತ್ತದೆ, ಮಳೆಗಾಲದಲ್ಲಿ ಮೋಡ ಕೆಳಗಿಳಿಯುತ್ತದೆ ಎಂಬುದು ಅಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ಇಳಿಯಲಾಗದೆ ವಿಮಾನ ಬೇರೆ ಊರಿಗೆ ತಿರುಗಿದಾಗ ಮಾತ್ರ ನಮ್ಮ ದೊಡ್ಡವರಿಗೆ ಆಶ್ಚರ್ಯ. ಕಮಲಕ್ಕೆ ಬೇಕಾದ ಕಾಂಕ್ರೀಟಿಗೆ ಅವಸರವಿತ್ತು, ರನ್‌ವೇಗೆ ಬೇಕಾದ ದೀಪಕ್ಕೆ ಇರಲಿಲ್ಲ.

ಬೀದರ್‌ಗೆ 2020ರ ಫೆಬ್ರವರಿಯಲ್ಲಿ ವಿಮಾನ ಬಂತು, ಕೆಲಕಾಲಕ್ಕೆ ನಿಂತಿತು. 2022ರಲ್ಲಿ ಮತ್ತೆ ಬಂತು, 2023ರ ಕೊನೆಗೆ ನಿಂತಿತು. 2025ರಲ್ಲಿ ಮತ್ತೆ ಬಂತು. ಬಂದಾಗಲೆಲ್ಲ ಹಸಿರು ಬಾವುಟ, ಸಿಹಿ ಹಂಚಿಕೆ. ನಿಂತಾಗ ಒಂದು ಸಾಲಿನ ಹೇಳಿಕೆಯೂ ಕಷ್ಟ. ಇದು ಬೀದರ್ ಒಂದರ ಕರ್ಮವೂ ಅಲ್ಲ. ಸಣ್ಣ ಊರುಗಳಿಗೆ ಸಹಾಯಧನ ಕೊಟ್ಟು ವಿಮಾನ ತರಿಸುವ ಉಡಾನ್ ಯೋಜನೆಯ ಬಗ್ಗೆ ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಕೊಟ್ಟ ವರದಿ ಓದಿ: ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಸಹಾಯಧನದ ಅವಧಿಯನ್ನು ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್ ತನಕ ಉಳಿದದ್ದು 54. ಅಂದರೆ ನೂರಕ್ಕೆ ಏಳು. ಟರ್ಮಿನಲ್ಲಿನ ನೆಲ ಎಷ್ಟು ಹೊಳೆಯುತ್ತದೆ ಎಂದು ಅಂಕ ಕೊಡುವವರು ಈ ಏಳನ್ನು ಒಮ್ಮೆ ನೆನಪಿಸಿಕೊಳ್ಳಲಿ. ಜನ ಬರದ ನಿಲ್ದಾಣದ ನೆಲ ಹೊಳೆಯದೆ ಇನ್ನೇನು ಮಾಡೀತು?

ಪ್ರಾಧಿಕಾರದ ನಿಲ್ದಾಣಗಳಿಗೆ ಸಲಹಾ ಸಮಿತಿ ಎಂಬುದೊಂದಿದೆ. ಸ್ಥಳೀಯ ಸಂಸದರೇ ಅಧ್ಯಕ್ಷರು. ಅಲ್ಲಿಂದ ಹೊರಬರುವ ಸುದ್ದಿ ಸಾಮಾನ್ಯವಾಗಿ ಒಂದೇ ಬಗೆ: ದೆಹಲಿಗೆ ವಿಮಾನ ಬೇಕು, ಮುಂಬೈಗೆ ಬೇಕು, ಅಂತರರಾಷ್ಟ್ರೀಯ ದರ್ಜೆ ಬೇಕು, ನಿಲ್ದಾಣಕ್ಕೆ ಇಂಥವರ ಹೆಸರಿಡಬೇಕು. ಬೇಡವೆಂದವರಾರು? ಆದರೆ ಕಳೆದ ತಿಂಗಳು ಎಷ್ಟು ವಿಮಾನ ರದ್ದಾದವು, ಎಷ್ಟು ಜನರಿಗೆ ಪರಿಹಾರ ಸಿಕ್ಕಿತು, ಲಿಫ್ಟ್ ಗಾಡಿಯ ಡ್ರೈವರ್ ಪಾಳಿ ಯಾವುದು, ಕೊನೆಯ ವಿಮಾನ ಇಳಿದ ಮೇಲೆ ಊರಿಗೆ ಬಸ್ಸಿದೆಯೇ ಎಂಬ ನಾಲ್ಕು ಪ್ರಶ್ನೆ ಕೇಳಲು ಚಹಾ ಬಿಸ್ಕತ್ತಿನ ಹೊತ್ತು ಸಾಕು. ಸಂಸದರು ಪ್ರತ್ಯೇಕ ಕೊಠಡಿಯಿಂದ ನೇರ ವಿಮಾನಕ್ಕೆ ಹೋಗುವುದರಿಂದ ಈ ಪ್ರಶ್ನೆಗಳು ಹೊಳೆಯುವುದಿಲ್ಲ ಎಂದು ಕಾಣುತ್ತದೆ. ಒಂದು ತಿಂಗಳು ಸಾಮಾನ್ಯ ಸಾಲಿನಲ್ಲಿ ನಿಂತು ಓಡಾಡಲಿ.

ನಾವು ಪ್ರಯಾಣಿಕರೇನೂ ಕಡಿಮೆಯಿಲ್ಲ. ಹೊಸ ಟರ್ಮಿನಲ್ ಮುಂದೆ ಸೆಲ್ಫಿ ತೆಗೆದು 'ನಮ್ಮೂರು ಈಗ ಬೆಂಗಳೂರು' ಎಂದು ಸ್ಟೇಟಸ್ ಹಾಕುತ್ತೇವೆ. ತಡವಾದರೆ ಕೌಂಟರಿನ ಹುಡುಗಿಯ ಮೇಲೆ ಕೂಗಾಡುತ್ತೇವೆ. ತಪ್ಪು ಆಕೆಯದಲ್ಲ ಎಂದು ಗೊತ್ತಿದ್ದೂ ಕೂಗುತ್ತೇವೆ, ಆಕೆ ತಿರುಗಿ ಮಾತಾಡಲಾರಳಲ್ಲ. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೈದು ಸುಮ್ಮನಾಗುತ್ತೇವೆ. ದೂರು ಬರೆಯಬೇಕಾದಲ್ಲಿ ಮಾತ್ರ ಒಂದಕ್ಷರ ಬರೆಯುವುದಿಲ್ಲ. 'ಬರೆದರೆ ಏನಾಗತ್ತೆ ಬಿಡಿ' ಎಂಬ ನಮ್ಮ ಸೋಮಾರಿತನವನ್ನೇ ಅವರು ತೃಪ್ತಿ ಎಂದು ಎಣಿಸಿಕೊಂಡಿದ್ದಾರೆ. ಎಲ್ಲದಕ್ಕೂ ಐದು ಒತ್ತುವ ಸಂಕೋಚ ಬೇರೆ, ಪಾಪ ಹುಡುಗ ಕೇಳಿದ ಅಂತ.

ಡಿಜಿಸಿಎ ನಿಯಮ ನಮ್ಮ ಕಡೆಗೇ ಇದೆ. ಎರಡೂವರೆ ತಾಸಿನೊಳಗಿನ ಹಾದಿಯ ವಿಮಾನ ಎರಡು ತಾಸು ಅಥವಾ ಹೆಚ್ಚು ತಡವಾದರೆ, ಹೊತ್ತಿಗೆ ಸರಿಯಾಗಿ ಬಂದು ಕಾಯುತ್ತಿರುವವರಿಗೆ ಏರ್‌ಲೈನ್ಸ್ ತಿಂಡಿ-ಊಟ ಕೊಡಬೇಕು. ನಮ್ಮ ಜಿಲ್ಲೆಗಳಿಂದ ಬೆಂಗಳೂರಿಗೆ ಹೋಗುವ ವಿಮಾನಗಳೆಲ್ಲ ಇದರಲ್ಲೇ ಬಂದವು. ಆರು ತಾಸು ದಾಟಿದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ ವಾಪಸು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಹಾದಿ ಒಂದು ತಾಸಿನೊಳಗಿನದಾದರೆ 5,000, ಎರಡು ತಾಸಿನವರೆಗಿನದಾದರೆ 7,500 ರೂಪಾಯಿ, ಅಥವಾ ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು ಪರಿಹಾರ. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಪರಿಹಾರ ಇಲ್ಲ, ಅದಕ್ಕೇ ಕಾರಣವನ್ನು ಹವಾಮಾನದ ತಲೆಗೆ ಕಟ್ಟುವ ಆಸೆ ಯಾರಿಗಾದರೂ ಬಂದೀತು.

ಆದ್ದರಿಂದ ಇನ್ನು ಮುಂದೆ ವಿಮಾನ ರದ್ದಾದ ದಿನ ಕೂಗಾಡಬೇಡಿ. ರದ್ದತಿಯ ಕಾರಣವನ್ನು ಬರಹದಲ್ಲಿ ಕೇಳಿ, ಕೇಳಿದ ಹೊತ್ತನ್ನು ಗುರುತು ಹಾಕಿಕೊಳ್ಳಿ, ಟಿಕೆಟ್ ಜೊತೆ ಅದನ್ನು ಕೇಂದ್ರ ಸರ್ಕಾರದ ದೂರು ಜಾಲತಾಣವಾದ ಏರ್‌ಸೇವಾದಲ್ಲಿ ದಾಖಲಿಸಿ, ಒಂದು ಪ್ರತಿಯನ್ನು ನಿಮ್ಮ ಸಂಸದರ ಕಚೇರಿಗೆ ಕಳಿಸಿ. ಬರಹದಲ್ಲಿ ಕೊಡಲು ಒಪ್ಪದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.