ಹೊರೆ ಬೇರೆ, ನಡಿಗೆ ಬೇರೆ

ಬಸುರಿಯಾದವಳು ಏಳನೆಯ ತಿಂಗಳು ದಾಟಿದ ಮೇಲೆ ದುಡಿಯಬೇಕೋ, ಕುಳಿತಿರಬೇಕೋ ಎಂಬ ಪ್ರಶ್ನೆಗೆ ನಮ್ಮ ಸಮಾಜವು ಎರಡು ಉತ್ತರಗಳನ್ನು ಇಟ್ಟುಕೊಂಡಿದೆ. ಉಳ್ಳವರ ಮನೆಯ ಹೆಣ್ಣುಮಗಳಿಗೆ ಒಂದು, ಇಲ್ಲದವರ ಮನೆಯ ಹೆಣ್ಣುಮಗಳಿಗೆ ಇನ್ನೊಂದು. ಮೊದಲನೆಯವಳಿಗೆ ಕಡ್ಡಿಯನ್ನೂ ಎತ್ತಿಡಬಾರದೆಂಬ ಅಪ್ಪಣೆ. ಎರಡನೆಯವಳಿಗೆ ನೋವು ಕಾಣಿಸಿಕೊಳ್ಳುವ ದಿನದವರೆಗೂ ತಲೆಯ ಹೊರೆಯನ್ನು ಇಳಿಸಲಾಗದ ನಿರ್ಬಂಧ. ಆ ಅಪ್ಪಣೆಯು ಹಿರಿಯರ ಬಾಯಿಂದ ಬರುತ್ತದೆ. ಈ ನಿರ್ಬಂಧವು ಹಸಿವೆಯಿಂದ ಬರುತ್ತದೆ. ಎರಡೂ ತಾಯಿಗೆ ಹಿತವಾದುವಲ್ಲ. ಚಲನೆಯೆಂಬುದು ಬೇರೆ, ದುಡಿತವೆಂಬುದು ಬೇರೆ. ಮೊದಲನೆಯದು ಗರ್ಭಿಣಿಗೂ ಬಾಣಂತಿಗೂ ಸಲ್ಲಬೇಕಾದ ಹಕ್ಕು, ಎರಡನೆಯದು ಆಕೆಯ ಮೇಲಿಂದ ಇಳಿಸಬೇಕಾದ ಭಾರ. ಈ ವಿವೇಕವು ಮನೆಮನೆಗೂ, ಸರಕಾರದ ಕಚೇರಿಗೂ ಇನ್ನೂ ಮುಟ್ಟಿಲ್ಲವೆಂಬುದೇ ನಮ್ಮ ಇಂದಿನ ಮಾತಿಗೆ ಕಾರಣವಾಗಿದೆ.

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ತಾಲೂಕಿನ ರಾಮನಗುಳಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲ ಘಟ್ಟವನ್ನು ಏರುವುದಕ್ಕೆ ಮುಂಚೆ, ಗಂಗಾವಳಿಯ ಕಣಿವೆಯಲ್ಲಿರುವ ಊರು ಅದು. ಅಡಕೆಯ ತೋಟ, ಭತ್ತದ ಗದ್ದೆ, ಸುತ್ತಲೂ ಕಾಡು. ಇಂಥ ಸೀಮೆಯಲ್ಲಿ ಹೆಂಗಸಿನ ಕೆಲಸವೆಂದರೆ ಏನೆಂಬುದನ್ನು ಬಲ್ಲವರೇ ಬಲ್ಲರು. ಬೆಟ್ಟದಿಂದ ಸೊಪ್ಪು ಮತ್ತು ದರಕಿನ ಹೊರೆ, ಕಾಡಿನಿಂದ ಕಟ್ಟಿಗೆಯ ಹೊರೆ, ಬಾವಿಯಿಂದ ನೀರಿನ ಕೊಡ, ಕೊಟ್ಟಿಗೆಯಿಂದ ಸೆಗಣಿಯ ಬುಟ್ಟಿ, ಮಳೆಗಾಲದಲ್ಲಿ ಬೆನ್ನು ಬಗ್ಗಿಸಿ ನೆಟ್ಟಿ, ಸುಗ್ಗಿಯಲ್ಲಿ ರಾತ್ರಿಯೆಲ್ಲ ಕುಳಿತು ಅಡಕೆ ಸುಲಿಯುವುದು. ಇವುಗಳಲ್ಲಿ ಯಾವುದಕ್ಕೂ ಒಂಬತ್ತನೆಯ ತಿಂಗಳ ರಜೆಯಿಲ್ಲ. ಅದೇ ಸೀಮೆಯ ಅನುಕೂಲಸ್ಥರ ಮನೆಗಳಲ್ಲಿಯೂ, ಪೇಟೆಗೆ ಹೋಗಿ ನೆಲಸಿದ ಕುಟುಂಬಗಳಲ್ಲಿಯೂ ಸೊಸೆಯು ಸೀಮಂತವಾದ ದಿನದಿಂದ ಕುರ್ಚಿಯನ್ನು ಬಿಟ್ಟು ಏಳಬಾರದೆಂಬುದೇ ಪ್ರೀತಿಯ ಲಕ್ಷಣವಾಗಿ ಪರಿಣಮಿಸಿದೆ.

ಕುಳ್ಳಿರಿಸುವ ಈ ಪ್ರೀತಿಯನ್ನು ಮೊದಲು ಪರೀಕ್ಷಿಸೋಣ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ವ್ಯಾಯಾಮ ಸಂಬಂಧದ ಸೂಚನೆಗಳಲ್ಲಿ ಮೊತ್ತಮೊದಲ ಬಾರಿಗೆ ಗರ್ಭಿಣಿಯರನ್ನೂ ಬಾಣಂತಿಯರನ್ನೂ ಪ್ರತ್ಯೇಕವಾಗಿ ಎತ್ತಿ ಹೇಳಿದೆ. ಬೇರೆ ತೊಂದರೆಯಿಲ್ಲದ ಗರ್ಭಿಣಿಯು ವಾರಕ್ಕೆ ೧೫೦ ನಿಮಿಷಗಳಷ್ಟಾದರೂ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗುವುದು ಒಳ್ಳೆಯದೆಂಬುದು ಅದರ ಅಭಿಪ್ರಾಯ. ವಾರದಲ್ಲಿ ಐದು ದಿನ ಅರ್ಧ ಅರ್ಧ ಗಂಟೆಯ ನಡಿಗೆಯಿಂದ ಇದು ಪೂರೈಸುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಹತ್ತು ಹತ್ತು ನಿಮಿಷಗಳಾಗಿ ಹಂಚಿಕೊಂಡರೂ ಸಾಕು. ನಡೆಯುತ್ತ ಜೊತೆಯವಳೊಡನೆ ಮಾತಾಡಲು ಬರುವಷ್ಟು ಉಸಿರು ಇರಬೇಕು, ಹಾಡಲು ಬಾರದಷ್ಟು ವೇಗ ಇರಬೇಕು, ಅಳತೆ ಇಷ್ಟೇ. ಹೀಗೆ ನಡೆಯುವವರಲ್ಲಿ ಬಸುರಿನ ಕಾಲದ ಸಕ್ಕರೆ ರೋಗ, ರಕ್ತದ ಒತ್ತಡ, ಮಿತಿಮೀರಿದ ತೂಕ, ಹೆರಿಗೆಯ ನಂತರದ ಮನಸ್ಸಿನ ಕುಗ್ಗುವಿಕೆ ಇವೆಲ್ಲ ಕಡಿಮೆಯೆಂದು ಕಂಡುಬಂದಿದೆ. ಕೂಸಿನ ತೂಕಕ್ಕೆ ಇದರಿಂದ ಕುಂದಿಲ್ಲವೆಂದೂ ಗೊತ್ತಾಗಿದೆ. ಆದುದರಿಂದ ಆರೋಗ್ಯವಂತಳಾದ ಸೊಸೆಯನ್ನು ಮೂರು ತಿಂಗಳು ಕುರ್ಚಿಗೆ ಕಟ್ಟಿಹಾಕುವ ಅತ್ತೆಯು ಪ್ರೀತಿಯಿಂದಲೇ ಆಕೆಗೆ ಕೇಡನ್ನು ಬಗೆಯುತ್ತಾಳೆ.

ಇದನ್ನು ಓದಿದ ಕೂಡಲೇ ಕೆಲವರು, ನಮ್ಮ ಅಜ್ಜಿಯಂದಿರು ಹುಲ್ಲಿನ ಹೊರೆ ಹೊರುತ್ತಲೇ ಹೆತ್ತರು, ಮರುದಿನವೇ ಗದ್ದೆಗಿಳಿದರು, ಹಾಗಾದರೆ ಅವರದೇ ಸರಿಯಾಯಿತಲ್ಲ ಎಂದು ಹೇಳಬಹುದು. ಈ ಮಾತು ಕೇಳಲು ಇಂಪಾಗಿದೆ. ಆದರೆ ಅದನ್ನು ಹೇಳುವವರು ಬದುಕಿ ಉಳಿದವರ ಮೊಮ್ಮಕ್ಕಳು. ಹೆರಿಗೆಯಲ್ಲಿ ಕಣ್ಮುಚ್ಚಿದವರ ಮಾತನ್ನೂ, ಹುಟ್ಟಿದೊಡನೆ ಮಣ್ಣು ಸೇರಿದ ಕೂಸುಗಳ ಲೆಕ್ಕವನ್ನೂ ನಮಗೆ ಹೇಳಲು ಮೊಮ್ಮಕ್ಕಳಿಲ್ಲ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ೧೯೯೦ರ ದಶಕದಲ್ಲಿ ಗರ್ಭಿಣಿಯರನ್ನು ಅಭ್ಯಸಿಸಿ ೨೦೦೩ರಲ್ಲಿ ಪ್ರಕಟಿಸಿದ ವರದಿಯೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂತಹುದು. ನೀರು ಹೊರುವುದು, ಹೊಲದ ಕೆಲಸ ಮುಂತಾದ ಕಷ್ಟದ ದುಡಿತವು ಯಾರಿಗೆ ಹೆಚ್ಚಾಗಿತ್ತೋ ಅವರ ಕೂಸುಗಳು ಹುಟ್ಟುವಾಗ ತೂಕದಲ್ಲಿಯೂ ಗಾತ್ರದಲ್ಲಿಯೂ ಕಡಿಮೆಯಾಗಿದ್ದುವು. ಅರೆಹೊಟ್ಟೆಯ ತಾಯಿಯು ಹೊರೆಗಾಗಿ ವೆಚ್ಚ ಮಾಡುವ ಶಕ್ತಿಯು ಕೂಸಿನ ಪಾಲಿನಿಂದಲೇ ಹೋಗುವಂತಹುದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರು ರಕ್ತಹೀನರು. ರಕ್ತವಿಲ್ಲದವಳ ತಲೆಯ ಮೇಲೆ ಕಟ್ಟಿಗೆಯ ಹೊರೆಯಿಟ್ಟು, ಇದು ವ್ಯಾಯಾಮವೆಂದು ಹೊಗಳುವುದು ಕ್ರೌರ್ಯವೇ ಹೊರತು ಬೇರೆಯಲ್ಲ.

ಇನ್ನು ಬಾಣಂತಿತನದ ವಿಚಾರ. ನಮ್ಮ ಸಂಪ್ರದಾಯದಲ್ಲಿ ಒಳ್ಳೆಯದೆಷ್ಟೋ ಇದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತವರಿನ ಆಸರೆ, ಎಣ್ಣೆನೀರು, ಹೊತ್ತುಹೊತ್ತಿಗೆ ಬಿಸಿಯೂಟ, ನಲವತ್ತು ದಿನ ಮನೆಗೆಲಸದಿಂದ ಬಿಡುಗಡೆ: ಇವುಗಳನ್ನು ಏರ್ಪಡಿಸಿದ ಹಿರಿಯರಿಗೆ ನಮಸ್ಕಾರ. ಆದರೆ ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಹಗಲಿರುಳು ಮಲಗಿಸಿಡುವುದೂ, ನೀರು ಕುಡಿದರೆ ಹೊಟ್ಟೆ ಬರುವುದೆಂದು ಬಾಯಾರಿದವಳಿಗೆ ನೀರನ್ನು ಅಳೆದು ಕೊಡುವುದೂ ಈ ಸಂಪ್ರದಾಯಕ್ಕೆ ಅಂಟಿಕೊಂಡ ಕೊಳೆ. ಹೆತ್ತ ಮೇಲೆ ಆರು ವಾರಗಳವರೆಗೆ ಹೆಂಗಸಿನ ರಕ್ತವು ಉಳಿದ ಕಾಲಕ್ಕಿಂತ ಬೇಗ ಹೆಪ್ಪುಗಟ್ಟುವ ಸ್ವಭಾವವುಳ್ಳದ್ದಾಗಿರುತ್ತದೆ. ಅಲುಗಾಡದೆ ಮಲಗಿದರೆ ಕಾಲಿನ ನರಗಳಲ್ಲಿ ಹೆಪ್ಪು ಕಟ್ಟುತ್ತದೆ. ನೀರು ಸಾಲದೆ ಹೋದರೆ ಅಪಾಯ ಇನ್ನೂ ಹೆಚ್ಚು. ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿಗಳು ಕಟ್ಟಿಕೊಂಡು ಪಾರ್ಶ್ವವಾಯು ತಗಲುವ ರೋಗವನ್ನು ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು ಬಹುಕಾಲ ಅಭ್ಯಸಿಸಿದ್ದಾರೆ. ನೀರನ್ನು ತಡೆಯುವ ಪದ್ಧತಿಯತ್ತ ವೈದ್ಯಲೋಕದ ಸಂಶಯದ ಬೆರಳು ತಿರುಗಿ ಬಹಳ ವರ್ಷಗಳಾದುವು. ಬಾಯಾರಿಕೆಯಾದಾಗಲೆಲ್ಲ ನೀರು, ಮನೆಯೊಳಗೂ ಅಂಗಳದಲ್ಲೂ ದಿನಕ್ಕೆ ನಾಲ್ಕಾರು ಸಲ ಓಡಾಟ: ಇಷ್ಟರಿಂದ ಯಾವ ಸಂಪ್ರದಾಯವೂ ಕೆಡುವುದಿಲ್ಲ, ಒಂದು ಜೀವ ಉಳಿಯಬಹುದು.

ಸಹಜ ಹೆರಿಗೆಯಾದವಳು ಮೈಗೆ ಹಿತವೆನಿಸಿದೊಡನೆ ಮೆಲ್ಲನೆ ನಡೆದಾಡಬಹುದು. ಶಸ್ತ್ರಕ್ರಿಯೆಯಿಂದ ಹೆತ್ತವರನ್ನು ಸಹ ಆಸ್ಪತ್ರೆಯಲ್ಲಿ ಒಂದು ದಿನದೊಳಗಾಗಿಯೇ ಎಬ್ಬಿಸಿ ನಡೆಸುತ್ತಾರೆ; ಆದರೆ ಅಂಥವರು ಆರು ವಾರಗಳವರೆಗೆ ತಮ್ಮ ಕೂಸಿಗಿಂತ ಭಾರವಾದುದನ್ನು ಎತ್ತತಕ್ಕುದಲ್ಲ. ಮೇಲೆ ಹೇಳಿದ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಶೇಕಡಾ ೩೧ಕ್ಕೆ ಮಿಕ್ಕಿದವು ಶಸ್ತ್ರಕ್ರಿಯೆಯಿಂದ ಆಗುತ್ತಿರುವಾಗ ಈ ಎಚ್ಚರಿಕೆ ಪ್ರತಿಯೊಂದು ಮನೆಗೂ ಬೇಕಾದುದು. ಹದವಾದ ನಡಿಗೆಯಿಂದ ಎದೆಹಾಲು ಕಡಿಮೆಯಾಗುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯೆಂದು ಮಾತ್ರ ಭಾವಿಸಬಾರದು. ಮಾಸು ಕೆಳಗೆ ಇಳಿದಿರುವವರು, ರಕ್ತದ ಒತ್ತಡ ಏರಿದವರು, ತೀವ್ರ ರಕ್ತಹೀನತೆಯವರು, ದಿನ ತುಂಬುವ ಮೊದಲೇ ನೋವು ಕಂಡವರು ವೈದ್ಯರ ಮಾತಿನಂತೆಯೇ ನಡೆಯಬೇಕು. ನಡೆಯುವಾಗ ರಕ್ತ ಕಂಡರೆ, ನೀರು ಒಡೆದರೆ, ತಲೆ ತಿರುಗಿದರೆ, ಎದೆ ನೊಂದರೆ, ಒಂದು ಮೀನಖಂಡ ಮಾತ್ರ ಊದಿ ನೊಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಇದಿಷ್ಟೂ ತಿಳಿವಳಿಕೆಯ ಮಾತಾಯಿತು. ಆದರೆ ತಿಳಿದ ಮಾತ್ರಕ್ಕೆ ರಾಮನಗುಳಿಯ ಸೀಮೆಯ ಕೂಲಿಯ ಹೆಣ್ಣುಮಗಳು ಹೊರೆಯನ್ನು ಇಳಿಸಬಲ್ಲಳೆ? ಇಲ್ಲಿ ನ್ಯಾಯದ ಪ್ರಶ್ನೆಯು ಎದುರಾಗುತ್ತದೆ. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೨೮ರಲ್ಲಿ, ಕಾರಖಾನೆಯ ಹೆಂಗಸರಿಗೆ ಹೆರಿಗೆಯ ಸೌಲಭ್ಯ ಕೊಡುವ ಮಸೂದೆಯು ಅಲ್ಲಿಯ ಶಾಸನಸಭೆಗೆ ಬಂದಿತ್ತು. ಡಾಕ್ಟರ್ ಅಂಬೇಡ್ಕರರು ಅದನ್ನು ಬೆಂಬಲಿಸಿ, ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೇ ಆದುದರಿಂದ ಅದರ ಭಾರವನ್ನು ಸರಕಾರವೂ ಹೊರಬೇಕೆಂದು ವಾದಿಸಿದರು. ೧೯೨೯ರಲ್ಲಿ ಅದು ಕಾಯಿದೆಯಾಯಿತು. ಸ್ವತಂತ್ರ ಭಾರತವು ೧೯೬೧ರಲ್ಲಿ ದೇಶಕ್ಕೆಲ್ಲ ಒಂದು ಕಾಯಿದೆಯನ್ನು ಮಾಡಿ, ೨೦೧೭ರಲ್ಲಿ ಸಂಬಳಸಹಿತ ರಜೆಯನ್ನು ಮೊದಲ ಎರಡು ಮಕ್ಕಳಿಗೆ ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಿತು. ಹೆರಿಗೆಯ ನಂತರ ಆರು ವಾರ ಕೆಲಸಕ್ಕೆ ಹಚ್ಚಕೂಡದು, ದಿನ ಹತ್ತಿರವಾದಾಗ ಕಷ್ಟದ ಕೆಲಸ ಕೊಡಕೂಡದು, ೫೦ ಮಂದಿ ದುಡಿಯುವಲ್ಲಿ ಕೂಸಿನ ಮನೆ ಇರಬೇಕು ಎಂಬಿವೆಲ್ಲ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಕೊಂಡಿವೆ. ನಿಯಮಗಳು ಉತ್ತಮವಾದುವು. ಆದರೆ ಅವು ಕಾರಖಾನೆಗೆ, ಕಚೇರಿಗೆ, ದೊಡ್ಡ ಅಂಗಡಿಗೆ. ಗದ್ದೆಯ ಕೂಲಿಗೂ, ಬೆಟ್ಟದ ದರಕಿಗೂ, ಸ್ವಂತ ಮನೆಯ ಕೊಟ್ಟಿಗೆಗೂ ಯಾವ ಯಜಮಾನನು ೨೬ ವಾರಗಳ ಸಂಬಳ ಕೊಟ್ಟಾನು?

ಇಂಥವಳಿಗಾಗಿ ೨೦೧೩ರ ಆಹಾರ ಭದ್ರತಾ ಕಾಯಿದೆಯು ೬,೦೦೦ ರೂಪಾಯಿಗೆ ಕಡಿಮೆಯಿಲ್ಲದ ಸಹಾಯಧನವನ್ನು ವಿಧಿಸಿತು. ೨೦೧೭ರಲ್ಲಿ ಬಂದ ಮಾತೃವಂದನಾ ಯೋಜನೆಯು ಮೊದಲ ಕೂಸಿಗೆ ೫,೦೦೦ ರೂಪಾಯಿಗಳನ್ನು ಕಂತುಗಳಲ್ಲಿ ಕೊಡುತ್ತದೆ. ಉಳಿದುದನ್ನು ಜನನಿ ಸುರಕ್ಷೆಯ ಹಣದಲ್ಲಿ ಸೇರಿಸಿ ಲೆಕ್ಕ ಸರಿಮಾಡಲಾಗಿದೆ. ಒಬ್ಬಳಿಗೆ ಆರು ತಿಂಗಳ ಸಂಬಳ, ಇನ್ನೊಬ್ಬಳಿಗೆ ಕೆಲವೇ ದಿನಗಳ ಕೂಲಿ. ಹೊರೆ ಹೊರಬೇಡವೆಂದು ಬರಿಯ ಬಾಯಿಮಾತಿನಲ್ಲಿ ಹೇಳುವ ಸರಕಾರವು, ಹೊರದಿದ್ದರೆ ಆಕೆ ಏನು ಉಣ್ಣಬೇಕೆಂಬುದಕ್ಕೆ ಉತ್ತರ ಹೇಳಬೇಕು.

ದಾರಿಯ ಮಾತು ಇನ್ನೊಂದು. ರಾಜ್ಯ ಸರಕಾರವು ೨೦೧೭ರ ಅಕ್ಟೋಬರ ೨ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಏರ್ಪಾಡಾಯಿತು. ಬಯಲುಸೀಮೆಯ ಊರಿನಲ್ಲಿ ಇದು ಎರಡು ಪಟ್ಟು ಒಳ್ಳೆಯದು. ಊಟವೂ ಆಯಿತು, ನಡಿಗೆಯೂ ಆಯಿತು. ಆದರೆ ಮನೆಗೊಂದು ಗುಡ್ಡ, ಕೇರಿಗೊಂದು ಹಳ್ಳವಿರುವ ಮಲೆನಾಡು ಕರಾವಳಿಗಳಲ್ಲಿ ದಿನ ತುಂಬಿದವಳು ಒಂದು ಊಟಕ್ಕಾಗಿ ಜಾರುವ ದಾರಿಯಲ್ಲಿ ಏರಿಳಿಯಬೇಕಾಗುವುದೆಂಬ ದೂರು ಆರಂಭದಿಂದಲೂ ಕೇಳಿಬಂದಿದೆ. ೨೦೧೯ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿಯು ರಾಮನಗುಳಿಯ ತೂಗುಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ೨೦೨೧ರ ಜುಲೈಯಲ್ಲಿ ಗುಳ್ಳಾಪುರದ ಸೇತುವೆಗೂ ಅದೇ ಗತಿಯಾಯಿತು. ಹೊಳೆಯ ಆಚೆಯ ಬಸುರಿಗೆ ಸೇತುವೆಯೇ ಮೊದಲ ಔಷಧ. ಎಲ್ಲಿ ದಾರಿ ಸುಗಮವೋ ಅಲ್ಲಿ ನಡೆಯಲಿ; ಎಲ್ಲಿ ದುರ್ಗಮವೋ ಅಲ್ಲಿ ಊಟವು ಆಕೆಯ ಮನೆಗೆ ನಡೆದುಬರಲಿ.

ಮಾಡತಕ್ಕ ಕೆಲಸಗಳು ಕಣ್ಣೆದುರಿಗೇ ಇವೆ. ಹೆರಿಗೆಯ ನಂತರ ೪೨ ದಿನಗಳೊಳಗೆ ಆಶಾ ಕಾರ್ಯಕರ್ತೆಯರು ಆರೇಳು ಸಲ ಮನೆಗೆ ಬಂದು ಕೂಸನ್ನು ನೋಡುತ್ತಾರೆ. ಅದೇ ಭೇಟಿಯಲ್ಲಿ ತಾಯಿಯು ಎಷ್ಟು ನಡೆದಳು, ಎಷ್ಟು ನೀರು ಕುಡಿದಳು, ಯಾವ ಭಾರ ಎತ್ತಿದಳು ಎಂಬ ಮೂರು ಪ್ರಶ್ನೆಗಳನ್ನು ಕೇಳುವಂತಾಗಬೇಕು. ಗರ್ಭಿಣಿಯಿರುವ ಮನೆಗೆ ಕೊನೆಯ ಮೂರು ತಿಂಗಳು ಮತ್ತು ಮೊದಲ ಮೂರು ತಿಂಗಳು ಕಟ್ಟಿಗೆ ನೀರುಗಳ ಹೊರೆಯನ್ನು ಗಂಡಸರೇ ಹೊರಬೇಕು. ಇದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ, ನಾಚಿಕೆಯನ್ನು ಬಿಟ್ಟರೆ ಸಾಕು. ಗ್ರಾಮ ಪಂಚಾಯತಿಗಳು ಲಾರಿಗಳು ಓಡುವ ಹೆದ್ದಾರಿಯನ್ನು ಬಿಟ್ಟು, ಶಾಲೆಯ ಬಯಲಿನಲ್ಲಾಗಲಿ ಗುಡಿಯ ಅಂಗಳದಲ್ಲಾಗಲಿ ಹೆಂಗಸರು ನಿರ್ಭಯವಾಗಿ ಓಡಾಡಲು ಸ್ಥಳ ಮಾಡಿಕೊಡಬೇಕು. ಸರಕಾರವು ಸಹಾಯಧನವನ್ನು ಕೂಲಿಯ ಲೆಕ್ಕಕ್ಕೆ ಹೊಂದಿಸಿ, ಹೊರೆ ಇಳಿಸಬೇಕಾದ ತಿಂಗಳುಗಳಲ್ಲಿಯೇ ಅದು ಕೈಸೇರುವಂತೆ ಮಾಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಆ ಹೆಣ್ಣುಮಗಳನ್ನೇ ಕೇಳುವ ಅಭ್ಯಾಸವು ನಮಗೆ ಬರಬೇಕು. ಅತ್ತೆ ಕುಳ್ಳಿರೆಂದರೆ ಕುಳಿತು, ಧಣಿ ಹೊರು ಎಂದರೆ ಹೊತ್ತು ಬಂದ ಆಕೆಯ ಮೈಯ ಮಾತನ್ನು ಕೇಳಿದವರು ಕಡಿಮೆ. ತೊಟ್ಟಿಲು ತೂಗುವ ಕೈಯನ್ನು ಹಾಡಿ ಹೊಗಳುವ ನಾಡು, ಆ ಕೈಯಿಂದ ಕಟ್ಟಿಗೆಯ ಹೊರೆಯನ್ನು ಇಳಿಸಿಕೊಳ್ಳಲಿ, ಆ ಕಾಲುಗಳಿಗೆ ಅಂಗಳದ ಬಾಗಿಲನ್ನು ತೆರೆಯಲಿ. ಜಿಲ್ಲೆಯ ಮಹಾಜನರೂ ಅಧಿಕಾರಿಗಳೂ ಬರುವ ಮಳೆಗಾಲಕ್ಕೆ ಮುನ್ನವೇ ಇತ್ತ ಗಮನ ಕೊಡುವರೆಂದು ನಂಬುತ್ತೇವೆ.