ಬೀಗ ಯಾರ ರಕ್ಷಣೆಗೆ?

ಮಾಲೀಕರು ನಾಲ್ಕು ಜನ ಸೇರಿದಲ್ಲೆಲ್ಲ ಈಗ ಒಂದೇ ಮಾತು: ಭದ್ರತೆ. ಗೇಟಿಗೆ ಇಬ್ಬರು ಪಹರೆಯವರಿದ್ದಲ್ಲಿ ನಾಲ್ವರು ಬೇಕು. ಗೋಡೆಯ ಮೇಲೆ ಗಾಜಿನ ಚೂರು ಸಾಲದು, ಮುಳ್ಳುತಂತಿ ಬೇಕು. ಮೂಲೆಮೂಲೆಗೂ ಕ್ಯಾಮೆರಾ ಬೇಕು. ಹಿಂದಿನ ಬಾಗಿಲಿಗೆ ಬೀಗ ಬೇಕು. ಯಾರಿಂದ ಭದ್ರತೆ ಎಂದು ಕೇಳಿದರೆ ನೇರವಾದ ಉತ್ತರ ಬಾರದು. ಕಣ್ಣು ಮಾತ್ರ ಪಾಳಿ ಮುಗಿಸಿ ಹೊರಬರುವ ಕೆಲಸಗಾರನ ಬುತ್ತಿಚೀಲದ ಮೇಲೆಯೇ ಇರುತ್ತದೆ.

ಮಾಲೀಕರಿಗೆ ಭದ್ರತೆ ಬೇಡವೆಂದು ನಾವು ಹೇಳುತ್ತಿಲ್ಲ. ಗಿರಣಿಗೆ ಬೆಂಕಿ ಬಿದ್ದರೆ ಮೊದಲು ಒಲೆ ಆರುವುದು ಕೆಲಸಗಾರನ ಮನೆಯಲ್ಲಿ. ಆಮೇಲೆ ಆರುವುದು ಅವನಿಗೆ ಉದ್ರಿ ಕೊಟ್ಟ ಕಿರಾಣಿ ಅಂಗಡಿಯವನ ಮನೆಯಲ್ಲಿ. ಗಿರಣಿ ಉಳಿಯಬೇಕೆಂಬ ಕಾಳಜಿ ಮಾಲೀಕರಿಗಿಂತ ನಮಗೇ ಹೆಚ್ಚು. ನಮ್ಮ ತಕರಾರು ಇಷ್ಟೇ: ಕೆಲಸಗಾರನನ್ನು ಕಳ್ಳನೆಂದು ಎಣಿಸಿ ಹಾಕಿದ ಬೀಗ ಗಿರಣಿಯನ್ನು ಕಾಯುವುದಿಲ್ಲ. ಅದು ಮೊದಲು ಕೆಲಸಗಾರನನ್ನು ಕೊಲ್ಲುತ್ತದೆ. ಆಮೇಲೆ, ದೊಡ್ಡ ವಕೀಲರನ್ನು ಇಡಲಾರದ ಸಣ್ಣ ಮಾಲೀಕನನ್ನು ಮುಳುಗಿಸುತ್ತದೆ.

ಇದು ವೇದಿಕೆಯ ಮೇಲಿನ ಅಬ್ಬರದ ಮಾತಲ್ಲ, ನಡೆದ ಸಂಗತಿ. 1911ನೆಯ ಮಾರ್ಚ್ 25ರಂದು ನ್ಯೂಯಾರ್ಕ್ ನಗರದ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಹೆಂಗಸರ ಅಂಗಿ ಹೊಲಿಯುವ ಆ ಕಾರ್ಖಾನೆ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿತ್ತು. ಕೆಲಸ ಬಿಟ್ಟು ಹೋಗುವವರೆಲ್ಲ ಒಂದೇ ದಾರಿಯಲ್ಲಿ ಸಾಲಾಗಿ ಬಂದರೆ ಕೈಚೀಲ ಶೋಧಿಸಲು ಅನುಕೂಲವೆಂದು ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಬೆಂಕಿ ಬಂದಾಗ ಆ ಬೀಗ ತೆರೆಯಲಿಲ್ಲ. 146 ಜನ ಸತ್ತರು. ಹೆಚ್ಚಿನವರು ಹರೆಯದ ಹುಡುಗಿಯರು. ಎಷ್ಟೋ ಜನ ಕಿಟಕಿಯಿಂದ ಬೀದಿಗೆ ಹಾರಿ ಸತ್ತರು. ಅಷ್ಟೂ ಕಾಲದಲ್ಲಿ ಕಳುವಾದ ಮಾಲಿನ ಬೆಲೆಯೆಷ್ಟು ಎಂದು ವಿಚಾರಣೆಯಲ್ಲಿ ಕೇಳಿದಾಗ, 25 ಡಾಲರನ್ನು ಮೀರಲಾರದೆಂದು ಮಾಲೀಕರಲ್ಲೊಬ್ಬನೇ ಒಪ್ಪಿಕೊಂಡ. 25 ಡಾಲರಿನ ಬಟ್ಟೆ ಕಾಯಲು 146 ಜೀವ! ಶಾಲೆಯ ಹುಡುಗನೂ ಈ ಲೆಕ್ಕಕ್ಕೆ ತಪ್ಪು ಗುರುತು ಹಾಕಿಯಾನು.

ಆ ಮಾಲೀಕರಿಬ್ಬರೂ ನಿರ್ದೋಷಿಗಳೆಂದು ಬಿಡುಗಡೆಯಾದರು. ವಿಮೆಯ ಹಣ ಕೈಸೇರಿತು. 1913ರಲ್ಲಿ ಅವರಲ್ಲೊಬ್ಬ ಮತ್ತೊಂದು ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ. ಆದ ದಂಡ 20 ಡಾಲರು. ಮಾಲೀಕನ ಮನಸ್ಸು ತಾನಾಗಿ ಕರಗುತ್ತದೆಂದು ಕಾಯುವವರು ಇದನ್ನು ಎರಡು ಸಲ ಓದಬೇಕು. ನ್ಯೂಯಾರ್ಕಿನಲ್ಲಿ ಕಾನೂನು ಬದಲಾದದ್ದು ಕಾರ್ಮಿಕರು ಸಾವಿರಗಟ್ಟಲೆ ಬೀದಿಗಿಳಿದ ಮೇಲೆ.

ಹಳೆಯ ಕಥೆ ಎನ್ನುವಿರಾ? 1991ರಲ್ಲಿ ಅದೇ ಅಮೆರಿಕೆಯ ಹ್ಯಾಮ್ಲೆಟ್ ಎಂಬ ಊರಿನ ಕೋಳಿಮಾಂಸದ ಕಾರ್ಖಾನೆಯಲ್ಲಿ ಬೀಗ ಹಾಕಿದ ಬಾಗಿಲುಗಳ ಹಿಂದೆ 25 ಜನ ಸತ್ತರು. ಹನ್ನೊಂದು ವರ್ಷ ನಡೆದ ಆ ಕಾರ್ಖಾನೆಗೆ ಸುರಕ್ಷತೆಯ ತನಿಖೆಗೆಂದು ಒಬ್ಬ ಅಧಿಕಾರಿಯೂ ಕಾಲಿಟ್ಟಿರಲಿಲ್ಲ. ಈ ಸಲ ಮಾಲೀಕ ಜೈಲಿಗೆ ಹೋದ, ಕಾರ್ಖಾನೆ ಮತ್ತೆ ತೆರೆಯಲಿಲ್ಲ. 1993ರಲ್ಲಿ ಥಾಯ್ಲೆಂಡಿನ ಕೇಡರ್ ಆಟಿಕೆ ಕಾರ್ಖಾನೆಯಲ್ಲಿ 188 ಜನ ಸತ್ತರು, ಅಲ್ಲಿಯೂ ಬೀಗ. 2012ರಲ್ಲಿ ಕರಾಚಿಯ ಬಟ್ಟೆ ಕಾರ್ಖಾನೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಕರಾಚಿಯಲ್ಲಿ ಬೆಂಕಿಯಿಟ್ಟವರು ಹಣ ಕೀಳಲು ಬಂದ ಸುಲಿಗೆಕೋರರೆಂದು 2020ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಗಮನಿಸಿ: ಶತ್ರು ಹೊರಗಿನವನು. ಮುಚ್ಚಿದ ಬಾಗಿಲು, ಕಂಬಿ ಬಡಿದ ಕಿಟಕಿ ಆ ಶತ್ರುವನ್ನು ತಡೆಯಲಿಲ್ಲ. ಒಳಗಿದ್ದ ಕೆಲಸಗಾರರು ಹೊರಗೆ ಓಡುವುದನ್ನು ಮಾತ್ರ ತಡೆದವು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ನಮ್ಮ ದೇಶವೇನೂ ಹಿಂದೆ ಬಿದ್ದಿಲ್ಲ. 2019ರ ಡಿಸೆಂಬರ್ 8ರಂದು ದಿಲ್ಲಿಯ ಅನಾಜ್ ಮಂಡಿಯಲ್ಲಿ ಕಾರ್ಖಾನೆಯೊಳಗೇ ಮಲಗಿದ್ದ ಬಡ ಕೂಲಿಗಳು ಹೊಗೆ ಕುಡಿದು ಸತ್ತರು, ಸತ್ತವರು 43. ಅದೇ ದಿಲ್ಲಿಯ ಮುಂಡ್ಕಾದಲ್ಲಿ 2022ರ ಮೇ 13ರಂದು 27 ಜನ ಸತ್ತರು. ಇಡೀ ಕಟ್ಟಡಕ್ಕೆ ಇಳಿಯುವ ದಾರಿ ಒಂದೇ. ನಮ್ಮ ರಾಜ್ಯದ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ 2023ರ ಅಕ್ಟೋಬರ್ 7ರಂದು ಹನ್ನೆರಡಕ್ಕೂ ಹೆಚ್ಚು ಜನ ಸುಟ್ಟುಹೋದರು. ಅವರಲ್ಲಿ ಅನೇಕರು ದೀಪಾವಳಿಯ ಮುಂಚೆ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನಿಂದ ಬಂದ ಹುಡುಗರು. ಪ್ರತಿ ಸಲವೂ ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು, ತನಿಖೆಗೆ ಆಜ್ಞೆ ಮಾಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಇಲ್ಲಿ ಬಾಗಿಲು ಹಾಕುವುದಲ್ಲ, ಊರು ಉರಿಯುವ ಮುಂಚೆ ತೆರೆಯುವುದು ಆಗಬೇಕಾಗಿತ್ತು.

ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯಿದೆ ಹುಟ್ಟಿದಾಗಲೇ ಅದರಲ್ಲಿ ಬರೆದಿತ್ತು: ಒಳಗೆ ಆಳಿರುವಾಗ ಹೊರಹೋಗುವ ಬಾಗಿಲು ಒಳಗಿನಿಂದ ತಕ್ಷಣ ತೆರೆಯುವಂತಿರಬೇಕು. ಹೊಣೆಯನ್ನು ಮ್ಯಾನೇಜರನ ತಲೆಗೆ ಕಟ್ಟಿ ಕಂಪನಿಯವರು ಜಾರಿಕೊಳ್ಳುವಂತಿಲ್ಲ, ಡೈರೆಕ್ಟರುಗಳಲ್ಲೊಬ್ಬನು ಉತ್ತರ ಕೊಡಲೇಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲಿ ಒಳ್ಳೆಯದಿಲ್ಲವೆಂದಲ್ಲ. ಸಾವಿರ ಆಳಿದ್ದಲ್ಲಿ ಕಡ್ಡಾಯವಾಗಿದ್ದ ಸುರಕ್ಷತಾ ಅಧಿಕಾರಿ ಈಗ ಐನೂರು ಆಳಿಗೇ ಬೇಕು. ಮಾಲೀಕನು ಕರ್ತವ್ಯ ತಪ್ಪಿದ್ದರಿಂದ ಸಾವಾದರೆ 2 ವರ್ಷದವರೆಗೆ ಸಜೆ, ಇಲ್ಲವೆ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಿದ್ದಾರೆ. ವಿದ್ಯುತ್ತಿನಿಂದ ನಡೆಯುವ ಗಿರಣಿ 10 ಆಳಿದ್ದರೆ ಕಾರ್ಖಾನೆ ಎನಿಸುತ್ತಿತ್ತು. ಈಗ 20 ಬೇಕು. ವಿದ್ಯುತ್ತಿಲ್ಲದ ಕಡೆ 20 ಇದ್ದದ್ದು 40 ಆಗಿದೆ. ಇನ್‌ಸ್ಪೆಕ್ಟರನಿಗೆ ಸಲಹೆಗಾರನ ಪದವಿಯನ್ನೂ ಸೇರಿಸಿ, ಎಲ್ಲಿಗೆ ತನಿಖೆಗೆ ಹೋಗಬೇಕೆಂಬುದನ್ನು ಯಂತ್ರದ ಚೀಟಿಗೆ ಬಿಟ್ಟಿದ್ದಾರೆ. ನಮ್ಮ ಜಿಲ್ಲೆಗಳ ಜಿನ್ನಿಂಗ್ ಗಿರಣಿ, ಅಕ್ಕಿ ಗಿರಣಿ, ಎಣ್ಣೆ ಗಿರಣಿಗಳಲ್ಲಿ ಹದಿನೈದೋ ಹದಿನೆಂಟೋ ಆಳು ದುಡಿಯುವ ಕಡೆಯೇ ಹೆಚ್ಚು. ಹತ್ತಿಯಲ್ಲಿ ಬಂದ ಒಂದು ಕಲ್ಲು ಯಂತ್ರಕ್ಕೆ ತಾಗಿ ಕಿಡಿ ಹಾರಿದರೆ ಸಾಕು. ಆ ಕಿಡಿ ಒಳಗೆ ಹತ್ತು ಆಳಿದ್ದಾರೋ ಇಪ್ಪತ್ತೋ ಎಂದು ಎಣಿಸುವುದಿಲ್ಲ.

ಈಗ ವರ್ತಕ ಬಂಧುಗಳಿಗೆ ಒಂದು ಮಾತು. ಕಾಯಿದೆಯ ಕೈ ನಮ್ಮವರೆಗೆ ಬರುವುದಿಲ್ಲವೆಂದು ನೀವು ಸಂತೋಷಪಡಬೇಡಿ. ನಿಮ್ಮ ಅಂಗಡಿಯಲ್ಲಿಯೂ ಇಬ್ಬರು ಹುಡುಗರಿದ್ದಾರೆ. ರಾತ್ರಿ ಮಾಲು ಕಾಯಲೆಂದು ಅವರನ್ನು ಒಳಗೆ ಮಲಗಿಸಿ, ಹೊರಗಿನಿಂದ ಷಟರ್ ಎಳೆದು ಬೀಗ ಹಾಕಿ ಮನೆಗೆ ಹೋಗುವ ಪದ್ಧತಿ ಇನ್ನೂ ಸತ್ತಿಲ್ಲ. ಒಂದು ಲೆಕ್ಕ ಹಾಕೋಣ. ಇ.ಎಸ್.ಐ.ಗೆ ಸೇರದ ಒಂದು ಸಣ್ಣ ಗಿರಣಿಯಲ್ಲಿ ತಿಂಗಳಿಗೆ 12,000 ರೂಪಾಯಿ ಸಂಬಳದ, 25 ವರ್ಷದ ಹುಡುಗ ಕೆಲಸದಲ್ಲಿ ಸತ್ತನೆನ್ನಿ. ಪರಿಹಾರದ ಕಾಯಿದೆಯಂತೆ ಸಂಬಳದ ಅರ್ಧವನ್ನು ಆ ವಯಸ್ಸಿಗೆ ಗೊತ್ತುಮಾಡಿದ 216.91ರಿಂದ ಗುಣಿಸಬೇಕು. ಬಂದದ್ದು 13,01,460 ರೂಪಾಯಿ. ದೊಡ್ಡ ಮಿಲ್ಲಿನವನು ವಿಮೆ ತೋರಿಸಿ, ವಕೀಲನನ್ನಿಟ್ಟು ಕಾಲ ತಳ್ಳಿಯಾನು. ಸಣ್ಣವನು ಗಿರಣಿ ಮಾರಬೇಕು, ಮನೆ ಮಾರಬೇಕು. ಒಳಗಿನಿಂದ ತೆರೆಯುವ ಒಂದು ಅಗುಳಿಗೆ ಎಷ್ಟು ಖರ್ಚು? ಸಂತೆಯ ದಿನದ ಒಂದು ಹೊತ್ತಿನ ವ್ಯಾಪಾರದಷ್ಟೂ ಇಲ್ಲ.

ಬೀಗ ತೆಗೆದರೆ ಕಳವಿಗೆ ಹೊಣೆ ಯಾರು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವೂ ಸರಳ. ಒಳಗಿನಿಂದ ನೂಕಿದರೆ ತೆರೆಯುವ, ತೆರೆದೊಡನೆ ಗಂಟೆ ಬಾರಿಸುವ ಬಾಗಿಲುಗಳಿವೆ. ಹೊರಗಿನ ಕಳ್ಳ ಅದನ್ನು ತೆರೆಯಲಾರ. ಮಾಲಿನ ಲೆಕ್ಕ ಪಾಳಿಪಾಳಿಗೂ ಬರೆದರೆ ಕಳವು ಅಂದೇ ಗೊತ್ತಾಗುತ್ತದೆ. ಇನ್ನು ದೊಡ್ಡ ಕಳವುಗಳೋ, ಅವು ಬುತ್ತಿಚೀಲದಲ್ಲಿ ಹೋಗುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಹೋಗುತ್ತವೆ; ಅದಕ್ಕೆ ಯಾವ ಹಿಂಬಾಗಿಲಿನ ಬೀಗವೂ ಅಡ್ಡ ಬಂದದ್ದಿಲ್ಲ.

ಗಿರಣಿಯ ನಿಜವಾದ ಪಹರೆಯವನು ಯಾರು? ಬೇರಿಂಗು ಕಾದ ವಾಸನೆ ಮೊದಲು ಹತ್ತುವುದು ಯಂತ್ರದ ಪಕ್ಕ ನಿಂತವನ ಮೂಗಿಗೆ. ತಂತಿಯ ಹೊದಿಕೆ ಸುಲಿದದ್ದು ಕಾಣುವುದು ಕಸ ಗುಡಿಸುವವಳ ಕಣ್ಣಿಗೆ. ಅವರು ಬಾಯಿ ಬಿಟ್ಟರೆ ಗಿರಣಿ ಉಳಿಯುತ್ತದೆ. ಬಾಯಿ ಬಿಟ್ಟರೆ ನಾಳೆ ಕೆಲಸವಿಲ್ಲ ಎಂಬ ಹೆದರಿಕೆ ಇರುವ ಕಡೆ ನೂರು ಕ್ಯಾಮೆರಾ ಇಟ್ಟರೂ ಗಿರಣಿ ಕುರುಡೇ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಒಳಗೆ ಒಬ್ಬ ಆಳಿದ್ದರೂ ಯಾವ ಬಾಗಿಲಿಗೂ ಹೊರಗಿನಿಂದ ಬೀಗ ಬೀಳಕೂಡದು. ಗೋದಾಮಿನಲ್ಲಿ, ಅಂಗಡಿಯಲ್ಲಿ ಆಳನ್ನು ಮಲಗಿಸಿ ಬೀಗ ಹಾಕುವುದು ನಿಲ್ಲಬೇಕು.

2. ಆಳು ಎಷ್ಟೇ ಇರಲಿ, ಪ್ರತಿ ಗಿರಣಿಯಲ್ಲಿಯೂ ಸುರಕ್ಷತಾ ಸಮಿತಿ ಬೇಕು. ಅದರಲ್ಲಿ ಅರ್ಧ ಜನ ಕೆಲಸಗಾರರೇ ಆರಿಸಿದವರಾಗಿರಬೇಕು. ಬದಲಿಯವರಿಗೂ ಗುತ್ತಿಗೆಯವರಿಗೂ ಮತವಿರಬೇಕು.

3. ಅಪಾಯ ತೋರಿಸಿದವನನ್ನು ಕೆಲಸದಿಂದ ತೆಗೆಯಕೂಡದು. ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕು.

4. ಮೂರು ತಿಂಗಳಿಗೊಮ್ಮೆ, ಪಾಳಿ ನಡೆಯುತ್ತಿರುವಾಗಲೇ, ಗಂಟೆ ಬಾರಿಸಿ ಎಲ್ಲರೂ ಹೊರಬರುವ ಅಭ್ಯಾಸ ನಡೆಯಬೇಕು. ಆ ಹೊತ್ತಿನ ಕೂಲಿ ಕಡಿಯಕೂಡದು.

5. ಕಾರ್ಖಾನೆ ಎನಿಸುವ ಆಳಿನ ಸಂಖ್ಯೆಯನ್ನು ಸರ್ಕಾರ ಮತ್ತೆ 10ಕ್ಕೂ 20ಕ್ಕೂ ಇಳಿಸಬೇಕು.

ಇದರಲ್ಲಿ ಕ್ರಾಂತಿಯೂ ಇಲ್ಲ, ದಾನವೂ ಇಲ್ಲ. ಮಾಲೀಕರು ಬೇಕೆಂದು ಕೂಗುತ್ತಿರುವ ಭದ್ರತೆಗೆ ಇದೇ ದಾರಿ. ಇದನ್ನು ಅವರು ತಾವಾಗಿಯೇ ಮಾಡಿದರೆ ನಮಗೆ ಸಂತೋಷ. ಮಾಡದಿದ್ದರೆ ಸಂಘ ಕಟ್ಟಿ ಮಾಡಿಸಬೇಕು. ಕೆಲಸಗಾರ ಬಂಧುಗಳೇ, ನಾಳೆ ಪಾಳಿಗೆ ಹೋದಾಗ ಮೊದಲು ಹಿಂದಿನ ಬಾಗಿಲಿನ ಹತ್ತಿರ ಹೋಗಿ ಒಮ್ಮೆ ನೂಕಿ ನೋಡಿ. ತೆರೆಯದಿದ್ದರೆ ಒಬ್ಬೊಬ್ಬರೇ ಮ್ಯಾನೇಜರನ ಬಳಿ ಹೋಗಬೇಡಿ. ಪಾಳಿಗೆ ಪಾಳಿಯೇ ಹೋಗಿ ಕೀಲಿ ಕೇಳಿ.